ಜಗಲಿಯ ಕಾರ್ಖಾನೆ, ಜುಬೈಲಿನ ದುಡಿಮೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಬಡ ಮನೆಗಳಿಗೆ ದಶಕಗಳ ಕಾಲ ಅನ್ನ ಕೊಟ್ಟ ಕಾರ್ಖಾನೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ಬೆರಳು ಮಾಡಿ ತೋರಿಸಲು ಒಂದು ಕಟ್ಟಡವಿಲ್ಲ. ಅದು ಜಗಲಿಗಳಲ್ಲಿ ಹರಡಿಕೊಂಡಿದೆ. ಪಾಣೆಮಂಗಳೂರು, ಸಜಿಪ, ವಿಟ್ಲ, ಗುರುವಾಯನಕೆರೆಗಳಂಥ ಊರುಗಳಲ್ಲಿ ಒಳದಾರಿ ಹಿಡಿದು ಹೋದರೆ ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಕಾಲು ಚಾಚಿ ಕೂತ ಹೆಂಗಸರು ಈಗಲೂ ಕಾಣಸಿಗುತ್ತಾರೆ. ಗೆರಸೆಯ ಒಂದು ಮಗ್ಗುಲಲ್ಲಿ ಕತ್ತರಿಸಿದ ಎಲೆ, ಇನ್ನೊಂದು ಮಗ್ಗುಲಲ್ಲಿ ಹೊಗೆಸೊಪ್ಪಿನ ಪುಡಿ, ಬೆರಳಿಗೆ ಸುತ್ತಿದ ನೂಲು. ಮಾತು ನಿಲ್ಲುವುದಿಲ್ಲ, ಕೈಯೂ ನಿಲ್ಲುವುದಿಲ್ಲ.

ಇದು ಬೀಡಿಯ ಕತೆ ಮಾತ್ರವಾಗಿದ್ದರೆ ಹೇಳುವುದು ಸುಲಭವಿತ್ತು. ದಕ್ಷಿಣ ಕನ್ನಡದ ಜನಸಂಖ್ಯೆಯಲ್ಲಿ 2011ರ ಗಣತಿಯಂತೆ ಮುಸ್ಲಿಮರು ಶೇ. 24, ಕ್ರೈಸ್ತರು ಶೇ. 8ಕ್ಕೂ ತುಸು ಹೆಚ್ಚು. ಇವರ ಜೊತೆಗೆ ಮೂಡುಬಿದಿರೆ, ವೇಣೂರು, ಧರ್ಮಸ್ಥಳಗಳಲ್ಲಿ ಬೇರೂರಿದ ಜೈನರೂ ಇದ್ದಾರೆ. ಲೆಕ್ಕದಲ್ಲಿ ಅಲ್ಪಸಂಖ್ಯಾತರಾದ ಈ ಮೂರೂ ಸಮುದಾಯಗಳಿಗೂ ಕೈಗಾರಿಕೆಗೂ ನೂರೈವತ್ತು ವರ್ಷಗಳಿಂದ ನಡೆದುಬಂದ ಕೊಡುಕೊಳ್ಳುವಿಕೆಯಲ್ಲಿ ಒಂದು ವಿಚಿತ್ರವಿದೆ. ದುಡಿಯುವವರು ಇಲ್ಲಿಯವರು, ದುಡಿಮೆಯ ದೊಡ್ಡ ಜಾಗ ಮಾತ್ರ ಯಾವಾಗಲೂ ಬೇರೆಲ್ಲೋ. ಬೀಡಿಗೆ ಎಲೆ ಮಧ್ಯಪ್ರದೇಶ, ಒಡಿಶಾಗಳಿಂದ ಬರುತ್ತದೆ, ಹೊಗೆಸೊಪ್ಪು ನಿಪ್ಪಾಣಿ, ಗುಜರಾತ್ ಕಡೆಯಿಂದ. ಕಟ್ಟುವ ಕೈಯಷ್ಟೇ ತುಳುನಾಡಿನದು. ಅದೇ ಮನೆಯ ಗಂಡಸು ದುಡಿಯುವ ಸ್ಥಾವರ ಇರುವುದು ಸೌದಿಯ ಜುಬೈಲಿನಲ್ಲಿ.

ಅರಬಿ ಸಮುದ್ರದ ಆಚೆಗಿನ ಈ ನಂಟು ಹೊಸದೇನಲ್ಲ. ಬ್ಯಾರಿ ಮುಸ್ಲಿಮರ ಪೂರ್ವಚರಿತ್ರೆಯನ್ನು ಅರಬ್ ವರ್ತಕರ ಜೊತೆಗೂಡಿಸಿಯೇ ಹೇಳುವುದು ವಾಡಿಕೆ. ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತಾ ಇಲ್ಲಿನ ದೊಡ್ಡ ಮುಸ್ಲಿಂ ವಸತಿಯ ಬಗ್ಗೆ ಬರೆದಿಟ್ಟಿದ್ದಾನೆ. ಅವನಿಗೂ ಇನ್ನೂರು ವರ್ಷ ಮುಂಚೆ, 1130ರ ದಶಕದಲ್ಲಿ, ಟ್ಯುನೀಷಿಯಾದ ಮಹದಿಯಾ ಎಂಬ ಊರಿನ ಅಬ್ರಹಾಂ ಬೆನ್ ಯಿಜು ಮಂಗಳೂರಿಗೆ ಬಂದು ಹದಿನೇಳು ವರ್ಷದಷ್ಟು ಕಾಲ ನೆಲೆಸಿದ್ದ. ಅರಬಿ ಮಾತಾಡುವ ಯೆಹೂದಿ ವರ್ತಕ. ಮೆಣಸು, ಅಡಿಕೆ, ಏಲಕ್ಕಿ ಕಳಿಸುವುದರ ಜೊತೆಗೆ ಒಂದು ಕಂಚು-ಹಿತ್ತಾಳೆಯ ಕಾರ್ಖಾನೆಯನ್ನೂ ಇಟ್ಟಿದ್ದ. ಏಡನ್‌ನಿಂದ ಒಡೆದ ಪಾತ್ರೆ, ತಾಮ್ರದ ಚೂರು ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದವು. ಇಲ್ಲಿನ ಕುಶಲಕರ್ಮಿಗಳು ಕರಗಿಸಿ, ಬಡಿದು, ಹೊಸ ಪಾತ್ರೆ-ದೀಪ ಮಾಡಿ ವಾಪಸು ಕಳಿಸುತ್ತಿದ್ದರು. ಕೈರೋದ ಹಳೆಯ ಯೆಹೂದಿ ಪ್ರಾರ್ಥನಾಮಂದಿರದ ಕಾಗದಗಳ ರಾಶಿಯಲ್ಲಿ ಈ ಪತ್ರಗಳು ಸಿಕ್ಕವು. ಅವನ ವ್ಯವಹಾರ ನೋಡಿಕೊಳ್ಳಲು ಏಡನ್‌ವರೆಗೆ ಹೋಗಿಬರುತ್ತಿದ್ದ ಬೊಮ್ಮ ಎಂಬ ತುಳುನಾಡಿನ ಆಳಿನ ಕತೆಯನ್ನು ಅಮಿತಾವ್ ಘೋಷ್ ತಮ್ಮ ಪುಸ್ತಕವೊಂದರಲ್ಲಿ ಬೆಂಬತ್ತಿದ್ದಾರೆ. ಕಚ್ಚಾ ಮಾಲು ಹೊರಗಿನದು, ಮಾರುಕಟ್ಟೆ ಹೊರಗಿನದು, ಕೈಚಳಕ ಮಾತ್ರ ಇಲ್ಲಿಯದು. ಒಂಬೈನೂರು ವರ್ಷ ಕಳೆದರೂ ವ್ಯವಹಾರದ ನಕ್ಷೆ ಅಷ್ಟಾಗಿ ಬದಲಾಗಿಲ್ಲ ನೋಡಿ.

ಈ ನಕ್ಷೆಗೆ ಹೊರತಾದದ್ದು ಹೆಂಚು. ಅದರ ಮಣ್ಣು ಇಲ್ಲಿಯದೇ, ನೇತ್ರಾವತಿ, ಗುರುಪುರ ಹೊಳೆಗಳ ದಡದ್ದು. ಸೌದೆ ಇಲ್ಲಿನ ಕಾಡಿನದು. ಸಾಗಿಸಲು ಹೊಳೆಯೇ ಇತ್ತು.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಧರ್ಮಪ್ರಚಾರಕ್ಕಿಂತ ಕಷ್ಟವಾದದ್ದು ಮತಾಂತರವಾದವರ ಹೊಟ್ಟೆಪಾಡು. ಕ್ರೈಸ್ತರಾದ ಕೂಡಲೇ ಜಾತಿಯ ಕಸುಬು ಹೋಗುತ್ತಿತ್ತು, ಕೆಲವೊಮ್ಮೆ ಗೇಣಿಯ ಗದ್ದೆಯೂ, ಮನೆಯೂ. ಆದ್ದರಿಂದ ಇಗರ್ಜಿಯ ಬೆನ್ನಿಗೇ ಕೈಗಾರಿಕೆ ಬಂತು. 1841ರಲ್ಲಿ ಮುದ್ರಣಾಲಯ, ಆಮೇಲೆ ನೇಯ್ಗೆ. 1851ರಲ್ಲಿ ಬಂದ ಜಾನ್ ಹಾಲರ್ ಬಲ್ಮಠದ ನೇಯ್ಗೆ ಶಾಲೆಯಲ್ಲಿ ಖಾಕಿ ಬಣ್ಣ ಹಾಕುವುದನ್ನು ಹದಕ್ಕೆ ತಂದ. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಮೊದಲ ಹೆಂಚಿನ ಕಾರ್ಖಾನೆ ತೆರೆದ. ಅಲ್ಪಸಂಖ್ಯಾತರಾಗಿ ಹೊಸದಾಗಿ ಹುಟ್ಟಿದ ಒಂದು ಸಮುದಾಯಕ್ಕೆ ಉದ್ಯೋಗ ಕೊಡಲೆಂದೇ ಕಟ್ಟಿದ ಕೈಗಾರಿಕೆ ಇದು. ನಮ್ಮಲ್ಲಿ ಅಂಥ ಉದಾಹರಣೆಗಳು ಹೆಚ್ಚಿಲ್ಲ.

ಮೂರೇ ವರ್ಷದಲ್ಲಿ ಈ ವಿದ್ಯೆ ಹೊಳೆಗುಂಟ ಮೇಲೇರಿತು. 1868ರಲ್ಲಿ ಪಾಸ್ಕಲ್ ಆಲ್ಬುಕರ್ಕ್ ಎಂಬ ಕೆಥೋಲಿಕ್ ಉದ್ಯಮಿ ತಮ್ಮ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಭಾರತೀಯನೊಬ್ಬ ಕಟ್ಟಿದ ಮೊದಲ ಮಂಗಳೂರು ಹೆಂಚಿನ ಕಾರ್ಖಾನೆ ಎಂದು ಹೆಸರಾದ ಇದು ಹುಟ್ಟಿದ್ದು ಮಂಗಳೂರಿನಲ್ಲಲ್ಲ, ಬಂಟ್ವಾಳದ ಪಾಣೆಮಂಗಳೂರಿನಲ್ಲಿ. ಶ್ರೀರಂಗಪಟ್ಟಣದ ಸೆರೆಯಿಂದ 1799ರಲ್ಲಿ ಬಿಡುಗಡೆಯಾಗಿ ಬರಿಗೈಯಲ್ಲಿ ಮರಳಿದ ಈ ಕೆಥೋಲಿಕ್ ಸಮುದಾಯ ಎಪ್ಪತ್ತೇ ವರ್ಷದಲ್ಲಿ ಕುಲುಮೆ ಹೊತ್ತಿಸಿತೆಂದರೆ ಅದರ ಛಲವನ್ನು ಮೆಚ್ಚಲೇಬೇಕು. ಪಾಣೆಮಂಗಳೂರು ಆಗ ಹೊಳೆಬದಿಯ ಪೇಟೆ. ಘಟ್ಟದ ಮೇಲಿನ ಸರಕು ಇಳಿದು ದೋಣಿ ಹತ್ತುತ್ತಿದ್ದ ಕಡೆ. ಮಣ್ಣನ್ನು ಕಲಸಿ, ಅಚ್ಚಿನಲ್ಲಿ ಒತ್ತಿ, ನೆರಳಲ್ಲಿ ಒಣಗಿಸಿ, ಗೂಡಿನಲ್ಲಿ ಸುಟ್ಟ ಹೆಂಚು ದೋಣಿಯಲ್ಲೇ ಬಂದರಿಗೆ ಹೋಗಿ, ಅಲ್ಲಿಂದ ಮುಂಬಯಿ, ಪೂರ್ವ ಆಫ್ರಿಕಗಳವರೆಗೂ ಸಾಗುತ್ತಿತ್ತು. ಹಳೆಯ ಮನೆ ಕೆಡವುವಾಗ ಹೆಂಚಿನ ಬೆನ್ನು ತಿರುವಿ ನೋಡಿದರೆ ಕಾರ್ಖಾನೆಯ ಹೆಸರು, ಊರು, ಕೆಲವದರಲ್ಲಿ ಇಸವಿ ಸಹಿತ ಅಚ್ಚೊತ್ತಿರುತ್ತದೆ. ಬೀಡಿಯಲ್ಲಾದರೋ ಕಟ್ಟಿದ ಊರಿನ ಹೆಸರು ಎಲ್ಲೂ ಇರುವುದಿಲ್ಲ. ಇರುವುದು ಕಂಪನಿಯ ಲೇಬಲ್ಲು, ಕಂಪನಿಯ ನೂಲು.

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷರು ಬಾಸೆಲ್ ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಅವು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹೆಂಚಿನ ಉದ್ಯಮ ಮುಂದೆ ಬಹಳ ಕಾಲ ಬಾಳಿತು, ಆದರೆ ಮಣ್ಣು ತುಟ್ಟಿಯಾಗಿ, ಸೌದೆ ಸಿಗದೆ, ತಾರಸಿ ಮನೆಗಳು ಬಂದು ಒಂದೊಂದಾಗಿ ಗೂಡುಗಳು ಆರಿದವು.

ಬೀಡಿ ಬಂದದ್ದು ಹೆಂಚು ಇನ್ನೂ ಮೆರೆಯುತ್ತಿದ್ದ ಕಾಲದಲ್ಲೇ, ಕಳೆದ ಶತಮಾನದ ಎರಡನೆಯ ಕಾಲುಭಾಗದಲ್ಲಿ. ಇದಕ್ಕೆ ಗೂಡು ಬೇಡ, ಯಂತ್ರ ಬೇಡ, ಶೆಡ್ಡೂ ಬೇಡ. ಕತ್ತರಿ, ತಗಡಿನ ಅಳತೆ, ಗೆರಸೆ, ಒಂದು ಸಣ್ಣ ಮೊಳೆ ಇದ್ದರೆ ಸಾಕು. ಇವಿಷ್ಟನ್ನೂ ಕೊಳ್ಳುವವಳು ಕೆಲಸದವಳೇ. ರಾತ್ರಿ ಎಲೆಗೆ ನೀರು ಚಿಮುಕಿಸಿ ಗೋಣಿಯಲ್ಲಿ ಸುತ್ತಿಡುತ್ತಾರೆ. ಬೆಳಗ್ಗೆ ಅಳತೆ ಇಟ್ಟು ನಾರು ತಪ್ಪಿಸಿ ಕತ್ತರಿಸಬೇಕು. ಪುಡಿ ಹಾಕಿ ಸುರುಳಿ ಸುತ್ತಿ, ನೂಲು ಬಿಗಿದು, ಮೊಳೆಯ ತುದಿಯಿಂದ ಬಾಯಿ ಮಡಚುವುದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮುಗಿಯುವ ಕೆಲಸ, ಅಭ್ಯಾಸವಿದ್ದವರಿಗೆ. ಇಪ್ಪತ್ತೈದಕ್ಕೆ ಒಂದು ಕಟ್ಟು. ಸಾವಿರ ಕಟ್ಟುವುದೆಂದರೆ ಮನೆಗೆಲಸ, ಅಡುಗೆ, ಮಕ್ಕಳ ನಡುವೆ ಇಡೀ ದಿನ ಹೋದಂತೆ.

ಕಟ್ಟಿದ ಬೀಡಿ ಹೋಗುವುದು ಬ್ರಾಂಚಿಗೆ. ಬ್ಯಾಂಕಿನದಲ್ಲ, ಬೀಡಿ ಬ್ರಾಂಚು. ಜಂಕ್ಷನ್ನಿನ ಬದಿಯಲ್ಲೊಂದು ಕೋಣೆ, ಒಳಗೆ ತಕ್ಕಡಿ, ಮೇಜು, ಎಲೆಯ ಮೂಟೆ, ಗೋಡೆಗೆ ಒರಗಿಸಿದ ತಂಬಾಕಿನ ಚೀಲ. ಮೇಜಿನ ಹಿಂದೆ ಬೀಡಿ ನೋಡುವವ. ಕಟ್ಟುಗಳನ್ನು ಎತ್ತಿ, ಹೆಬ್ಬೆರಳಿನಲ್ಲಿ ಒತ್ತಿ, ಸಡಿಲವಾದದ್ದನ್ನು, ಬಾಯಿ ಸರಿ ಮಡಚದ್ದನ್ನು ಬದಿಗೆ ಎಸೆಯುತ್ತಾನೆ. ಎಸೆದದ್ದಕ್ಕೆ ಕೂಲಿಯಿಲ್ಲ. ಎಸೆದ ಬೀಡಿ ಏನಾಗುತ್ತದೆ ಎಂಬ ಪ್ರಶ್ನೆಗೆ ಹೆಂಗಸರ ಗುಂಪಿನಿಂದ ಮೆಲ್ಲನೆ ನಗು ಬಂದೀತು, ಅಷ್ಟೇ. ಕೊಟ್ಟ ಎಲೆಯೇ ತೂತಾಗಿದ್ದರೆ ಸಾವಿರ ತುಂಬಿಸಲು ಸ್ವಂತ ದುಡ್ಡಿನಿಂದ ಎಲೆ ಕೊಳ್ಳಬೇಕಾಗುವುದು ಇಲ್ಲಿನ ಹಳೆಯ ಗೋಳು. ಆದರೂ ಬ್ರಾಂಚಿಗೆ ಹೋಗುವುದೆಂದರೆ ಒಂದು ಬಿಡುಗಡೆ. ಬುರ್ಖಾ ತೊಟ್ಟ ಬ್ಯಾರಿ ಹೆಂಗಸು, ಬಿಲ್ಲವರ ಹುಡುಗಿ, ಮೂಲ್ಯರ ಅಜ್ಜಿ, ಕೊಂಕಣಿ ಮಾತಾಡುವ ಬಾಯಮ್ಮ ಒಂದೇ ಸಾಲಿನಲ್ಲಿ ನಿಂತು ತುಳುವಿನಲ್ಲಿ ಹರಟುವ ಜಾಗ ಅದು. ಕರಾವಳಿಯಲ್ಲಿ ಧರ್ಮಗಳ ನಡುವೆ ಗೋಡೆ ಎದ್ದಿತೆಂದು ಬರೆಯುವವರು ಒಮ್ಮೆ ಈ ಸಾಲನ್ನೂ ನೋಡಿ ಬರುವುದು ಒಳ್ಳೆಯದು.

ಬ್ಯಾರಿ ಮನೆಗಳಿಗೆ ಬೀಡಿ ಯಾಕೆ ಅಷ್ಟು ಹೊಂದಿಕೊಂಡಿತು? ಸಣ್ಣ ವ್ಯಾಪಾರ, ಒಣಮೀನು, ಅಡಿಕೆ, ಗೇಣಿ ಬೇಸಾಯ ಇವೇ ಗಂಡಸರ ಆದಾಯ. ಹೆಂಗಸರು ಹೊರಗೆ ಕೂಲಿಗೆ ಹೋಗುವುದು ಸಮುದಾಯಕ್ಕೆ ಒಪ್ಪಿತವಾಗಿರಲಿಲ್ಲ. ಹೊಸ್ತಿಲು ದಾಟದೆ ಕೂಲಿ ಗಳಿಸುವ ದಾರಿ ಬೀಡಿ ಒಂದೇ. ಒಂದು ಕಾಲಕ್ಕೆ ಹೆಣ್ಣು ನೋಡಲು ಬಂದವರು ದಿನಕ್ಕೆ ಎಷ್ಟು ಬೀಡಿ ಕಟ್ಟುತ್ತಾಳೆಂದೂ ವಿಚಾರಿಸುತ್ತಿದ್ದರು. 2006ರ ಸಾಚಾರ್ ಸಮಿತಿ ವರದಿ ದೇಶದ ಮುಸ್ಲಿಂ ಹೆಂಗಸರ ದುಡಿಮೆ ಹೆಚ್ಚಾಗಿ ಮನೆಯೊಳಗೇ ನಡೆಯುತ್ತದೆ, ಅದರಲ್ಲಿ ಬೀಡಿಗೆ ದೊಡ್ಡ ಪಾಲಿದೆ ಎಂದದ್ದು ದಿಲ್ಲಿಗೆ ಸುದ್ದಿಯಾಗಿರಬಹುದು. ಪಾಣೆಮಂಗಳೂರಿಗೆ ಅಲ್ಲ.

ಮನೆಯಲ್ಲಿ ಕೂತು ಮಾಡಿದ್ದು ಕೆಲಸವೇ, ಮಾಡಿದವಳು ಕಾರ್ಮಿಕಳೇ ಎಂಬುದನ್ನು ಒಪ್ಪಿಸಲು ಒಂದು ಕಾನೂನು ಸಮರವೇ ನಡೆಯಿತು. ಕಂಪನಿಗಳು ಕಂಟ್ರಾಕ್ಟರನನ್ನು ಮುಂದೆ ಮಾಡಿ, ಇವರು ನಮ್ಮ ಕೆಲಸದವರಲ್ಲ ಎನ್ನುತ್ತಿದ್ದವು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ನೌಕರರೆಂದು ಕರೆಯಿತು, ಕಂಟ್ರಾಕ್ಟರನ ಹಿಂದಿರುವ ಕಂಪನಿಯನ್ನು ಹೊಣೆ ಮಾಡಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. 1974ರ ಜನವರಿಯಲ್ಲಿ ಬಂದ ತೀರ್ಪು ಕಾನೂನು ಪುಸ್ತಕಗಳಲ್ಲಿ ಇಂದಿಗೂ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆ ಎಂದೇ ಪ್ರಸಿದ್ಧ. ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಕಲ್ಯಾಣ ನಿಧಿಯ ಕಾನೂನುಗಳು ಬಂದವು, 1977ರಲ್ಲಿ ಭವಿಷ್ಯನಿಧಿ. ಜಗಲಿಯಲ್ಲಿ ಕೂತ ಹೆಂಗಸಿಗೆ ಪಿ.ಎಫ್. ನಂಬರು ಸಿಕ್ಕಿತು, ಮಕ್ಕಳಿಗೆ ವಿದ್ಯಾರ್ಥಿವೇತನ, ಕೆಮ್ಮು ಬಂದರೆ ಹೋಗಲು ಬೀಡಿ ಕಾರ್ಮಿಕರ ಡಿಸ್ಪೆನ್ಸರಿ. ಕಮ್ಯುನಿಸ್ಟ್ ನಾಯಕ ಬಿ.ವಿ. ಕಕ್ಕಿಲ್ಲಾಯರಂಥವರು ಬೆಳೆಸಿದ ಕಾರ್ಮಿಕ ಚಳವಳಿಯ ಬೆನ್ನಿಲ್ಲದಿದ್ದರೆ ಇವೆಲ್ಲ ಕಾಗದದ ಮೇಲೇ ಉಳಿಯುತ್ತಿದ್ದವು. 1974ರ ಭೂಸುಧಾರಣೆಯೂ ಅದೇ ಕಾಲದ್ದು. ಧನಿಗಳ ಸಾಲಿನಲ್ಲಿ ಬಂಟರು, ಬ್ರಾಹ್ಮಣರು, ಜೈನರು ಇದ್ದರು. ಗೇಣಿ ಒಕ್ಕಲಿನವರಲ್ಲಿ ಬಿಲ್ಲವರಂತೆ ಬ್ಯಾರಿಗಳೂ ಕೆಥೋಲಿಕರೂ ಇದ್ದರು. ಡಿಕ್ಲರೇಶನ್ ಕೊಟ್ಟು ಅಡಿಸ್ಥಳ ತಮ್ಮದಾದಾಗ ಅದರಲ್ಲಿ ಮನೆ ಕಟ್ಟಲು ಮಾಡಿದ ಸಾಲ ತೀರಿಸಿದ್ದು ಎಷ್ಟೋ ಕಡೆ ಬೀಡಿಯ ದುಡ್ಡೇ.

ಇಂಥದೇ ಕತೆ ಬೇರೆ ಹೆಸರಿನಲ್ಲಿ ಇಸ್ರೇಲಿನ ಗಲಿಲಿ ಪ್ರಾಂತ್ಯದಲ್ಲೂ ನಡೆದಿದೆ. ಆ ದೇಶದ ಜನಸಂಖ್ಯೆಯಲ್ಲಿ ಐದರಲ್ಲೊಂದು ಪಾಲು ಅರಬರು. 1948ರ ನಂತರ ಅವರ ಹಳ್ಳಿಗಳು ಬೇಸಾಯದ ನೆಲವನ್ನು ಬಹುಪಾಲು ಕಳೆದುಕೊಂಡವು, ಗಂಡಸರು ಯೆಹೂದಿ ಪಟ್ಟಣಗಳಿಗೆ ಕಟ್ಟಡದ ಕೆಲಸಕ್ಕೆ ಹೋದರು. ಹೆಂಗಸರು ಊರು ಬಿಟ್ಟು ಹೋಗುವಂತಿರಲಿಲ್ಲ. ಡೆಲ್ಟಾದಂಥ ಬಟ್ಟೆ ಕಂಪನಿಗಳು ಆ ಹಳ್ಳಿಗಳಲ್ಲೇ ಹೊಲಿಗೆ ಘಟಕ ತೆರೆದವು: ಸೋವಿ ಕೂಲಿ, ಮನೆಗೆ ಹತ್ತಿರ, ಮನೆಯವರಿಗೂ ಸಮಾಧಾನ. 1994ರಲ್ಲಿ ಜೋರ್ಡಾನ್ ಜೊತೆ ಶಾಂತಿ ಒಪ್ಪಂದವಾದ ಮೇಲೆ ಗಡಿಯಾಚೆ ಇನ್ನೂ ಸೋವಿ ಕೈಗಳು ಸಿಕ್ಕವು. ಹೊಲಿಗೆ ಯಂತ್ರಗಳು ಜೋರ್ಡಾನಿಗೂ ಈಜಿಪ್ಟಿಗೂ ಹೋದವು, ಹಳ್ಳಿಯ ಹೆಂಗಸರು ಮನೆಯಲ್ಲುಳಿದರು. ಆ ಶೂನ್ಯವನ್ನು ತುಂಬಲು ಬಹಳ ತಡವಾಗಿ, 2013ರಲ್ಲಿ, ನಜರೆತ್‌ನಲ್ಲಿ ಸ್ಟೆಫ್ ವರ್ಥೈಮರ್ ಎಂಬ ಉದ್ಯಮಿ ಅರಬರೂ ಯೆಹೂದಿಗಳೂ ಕೂಡಿ ದುಡಿಯುವ ಕೈಗಾರಿಕಾ ಪಾರ್ಕನ್ನು ಕಟ್ಟಿದರು. ನಮ್ಮ ಬೀಡಿಯದು ಗಲಿಲಿಯ ಹೊಲಿಗೆಗಿಂತ ಒಂದು ಹೆಜ್ಜೆ ಮುಂದೆ. ಇಲ್ಲಿ ಘಟಕ ಕಟ್ಟುವ ಖರ್ಚನ್ನೂ ಕಂಪನಿ ಉಳಿಸಿಕೊಂಡಿತು.

ಗಂಡಸರ ಹಾದಿ ಸಮುದ್ರದಾಚೆ. ಕೆಥೋಲಿಕರು ಮುಂಬಯಿಯ ದಾರಿಯನ್ನು ಮೊದಲೇ ಕಂಡುಕೊಂಡಿದ್ದರು. 1973ರ ತೈಲ ಬೆಲೆಯೇರಿಕೆಯ ನಂತರ ಅಲ್ಲಿಂದ ಕೊಲ್ಲಿಗೆ ಹೋಗುವುದು ಅವರಿಗೆ ಕಷ್ಟವಾಗಲಿಲ್ಲ. ಬ್ಯಾರಿಗಳು ಅವರ ಹಿಂದೆಯೇ ಹೊರಟರು. ಸೌದಿ ಸರಕಾರ 1975ರಲ್ಲಿ ಜುಬೈಲ್ ಮತ್ತು ಯಾನ್ಬುಗಳಿಗಾಗಿ ರಾಯಲ್ ಕಮಿಷನ್ ಎಂಬ ಆಯೋಗವನ್ನೇ ರಚಿಸಿ, ಮೀನುಗಾರರ ಊರಾಗಿದ್ದ ಜುಬೈಲನ್ನು ಪೆಟ್ರೋಕೆಮಿಕಲ್ ನಗರವಾಗಿ ಕಟ್ಟತೊಡಗಿತು. ಬಂಟ್ವಾಳದ ಹಳ್ಳಿಯಿಂದ ಹೋದವನು ಅಲ್ಲಿ ವೆಲ್ಡರನಾದ, ಪೈಪ್ ಫಿಟ್ಟರನಾದ, ಕ್ರೇನ್ ಓಡಿಸಿದ, ಸ್ಕಫೋಲ್ಡಿಂಗ್ ಕಟ್ಟಿದ. ಸ್ಥಾವರ ಕೆಲವು ವಾರ ನಿಲ್ಲಿಸಿ ರಿಪೇರಿ ಮಾಡುವುದಕ್ಕೆ ಶಟ್‌ಡೌನ್ ಎನ್ನುತ್ತಾರೆ. ಶಟ್‌ಡೌನ್ ಕೆಲಸಕ್ಕೆಂದೇ ಹೋಗಿಬರುವವರು ಇಂದಿಗೂ ಇದ್ದಾರೆ. ಅಂದರೆ ಜಗತ್ತಿನ ಅತಿ ದೊಡ್ಡ ಕೈಗಾರಿಕಾ ನಗರಗಳಲ್ಲೊಂದನ್ನು ಕಟ್ಟಿದ ಕೈಗಳು ಈ ಹಳ್ಳಿಗಳಲ್ಲಿವೆ. ಈ ಹಳ್ಳಿಗಳಲ್ಲಿ ಆ ಕೈಗಳಿಗೆ ತಕ್ಕ ಕಾರ್ಖಾನೆ ಮಾತ್ರ ಇಲ್ಲ.

ಬಹಳ ವರ್ಷ ಮುಂಬಯಿಗೆ ಬಸ್ಸು ಹತ್ತಿ ಅಲ್ಲಿಂದ ವಿಮಾನ ಹಿಡಿಯಬೇಕಿತ್ತು. ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತಾಗ, ಕರಾವಳಿಯ ಯಾವ ಯಾವ ಹಳ್ಳಿಯ ಅನ್ನ ಕೊಲ್ಲಿಯಿಂದ ಬರುತ್ತದೆಂಬುದು ಹೊರಗಿನವರಿಗೂ ಗೊತ್ತಾಯಿತು.

ಕೊಲ್ಲಿಯ ದುಡ್ಡು ಊರಿಗೆ ಬಂತು, ನಿಜ. ಮೊದಲು ಮನೆಯಾಯಿತು, ತಂಗಿಯ ಮದುವೆಯಾಯಿತು, ಮಸೀದಿ ಹೊಸದಾಯಿತು, ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಒಂದು ಅಂಗಡಿ ಕೋಣೆ ಬಂತು. ಕಾರ್ಖಾನೆಗೆ ಹಾಕಿದವರು ಕಡಮೆ. ದೊಡ್ಡ ಬಂಡವಾಳದವರು ಹೊರಳಿದ್ದು ಶಿಕ್ಷಣ ಮತ್ತು ಆಸ್ಪತ್ರೆಯ ಕಡೆಗೆ. ಬಂಟ್ವಾಳ ತಾಲೂಕಿನ ತುಂಬೆಯನ್ನೇ ನೋಡಿ. ಮಂಗಳೂರಿಗೆ ಕುಡಿಯುವ ನೀರು ಕೊಡುವ ಅಣೆಕಟ್ಟಿನಿಂದ ಹೆಸರಾದ ಊರು. ಇಲ್ಲಿ ಮರದ ವ್ಯಾಪಾರದಿಂದ ಬೆಳೆದ ಬಿ. ಅಹ್ಮದ್ ಹಾಜಿ ಮೊಹಿಯುದ್ದೀನ್ ಅವರ ಕುಟುಂಬ ಊರಿನಲ್ಲಿ ಶಾಲೆ, ಕಾಲೇಜು, ಕೈಗಾರಿಕಾ ತರಬೇತಿ ಸಂಸ್ಥೆ ನಡೆಸಿತು. ಅವರ ಮಗ ತುಂಬೆ ಮೊಯ್ದಿನ್ 1998ರಲ್ಲಿ ಅಜ್ಮಾನ್‌ನಲ್ಲಿ ವೈದ್ಯಕೀಯ ಕಾಲೇಜು ತೆರೆದರು. ಅದು ಈಗ ಗಲ್ಫ್ ಮೆಡಿಕಲ್ ಯೂನಿವರ್ಸಿಟಿ. ಮರದ ವ್ಯಾಪಾರದಿಂದಲೇ ಮೇಲೆ ಬಂದ ಯೆನೆಪೋಯ ಕುಟುಂಬ 1992ರಲ್ಲಿ ದಂತ ವೈದ್ಯಕೀಯ ಕಾಲೇಜಿನಿಂದ ಶುರು ಮಾಡಿ, 2008ರಲ್ಲಿ ಮೂಡುಬಿದಿರೆಯ ತೋಡಾರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಕಟ್ಟಿತು. ಕೊಲ್ಲಿಯವರೇ ಸೇರಿ ಕಟ್ಟಿದ ಜಮೀಯ್ಯತುಲ್ ಫಲಾಹ್ ಬಂಟ್ವಾಳ, ಬೆಳ್ತಂಗಡಿಗಳಲ್ಲಿ ಮಕ್ಕಳ ಓದಿಗೆ ನೆರವಾಗುತ್ತ ಬಂದಿದೆ.

ಇದರಲ್ಲೊಂದು ಲೆಕ್ಕಾಚಾರವಿದೆ. ಕಾಲೇಜು ಕಟ್ಟಿದರೆ ಗೌರವವೂ ಬರುತ್ತದೆ, ಕಾರ್ಮಿಕರ ತಂಟೆಯೂ ಇರುವುದಿಲ್ಲ. ಘಟ್ಟದ ತಪ್ಪಲಿನ ತುಂಡು ತುಂಡು ನೆಲ, ಮಳೆಗಾಲ, ಮಂಗಳೂರಿನ ಬೈಕಂಪಾಡಿಯಲ್ಲೇ ಕೂತುಬಿಟ್ಟ ದೊಡ್ಡ ಕೈಗಾರಿಕೆಗಳು, ಇವೂ ಕಾರಣಗಳೇ. ಆದರೆ ಹತ್ತು ವೆಲ್ಡರುಗಳು ಕೂಡಿ ಒಂದು ಫ್ಯಾಬ್ರಿಕೇಶನ್ ಘಟಕ ಹಾಕುವುದಕ್ಕೆ ಎಕರೆಗಟ್ಟಲೆ ನೆಲ ಬೇಕಿಲ್ಲ. ಮೂಡುಬಿದಿರೆಯ ಬನ್ನಡ್ಕದಲ್ಲಿ ಅಕ್ಕಿಗಿರಣಿಗಳಿಗೆ ಬಾಯ್ಲರು, ಡ್ರೈಯರು ಮಾಡುವ ಎಸ್‌ಕೆಎಫ್ ಸಂಸ್ಥೆ ಸಣ್ಣ ಊರಿನಲ್ಲಿ ಕೂತು ದೂರದ ಮಾರುಕಟ್ಟೆ ಹಿಡಿಯಬಹುದೆಂದು ತೋರಿಸಿದೆ.

ಬೆಳ್ತಂಗಡಿಯ ಚಿತ್ರ ಬೇರೆ. ಅಲ್ಲಿ ಉದ್ಯೋಗದ ಮಾತು ಬಂದಾಗ ಉಜಿರೆಯ ಸ್ವಉದ್ಯೋಗ ತರಬೇತಿ ಸಂಸ್ಥೆ ರುಡ್‌ಸೆಟಿಯನ್ನು ಬಿಟ್ಟು ಹೋಗುವ ಹಾಗಿಲ್ಲ. ಧರ್ಮಸ್ಥಳದ ಧರ್ಮಾಧಿಕಾರಿ, ಜೈನ ಮನೆತನದ ಡಾ. ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳ ಜೊತೆ ಸೇರಿ 1982ರಲ್ಲಿ ಇದನ್ನು ಶುರು ಮಾಡಿದರು. ಕಲಿಕೆಗೆ, ಊಟಕ್ಕೆ, ವಸತಿಗೆ ದುಡ್ಡಿಲ್ಲ. ಕೆಲವು ವಾರಗಳ ಶಿಬಿರ. ಹೊಲಿಗೆ, ಮೋಟಾರು ರಿವೈಂಡಿಂಗ್, ಫ್ರಿಜ್ ರಿಪೇರಿ, ದ್ವಿಚಕ್ರ ವಾಹನ, ಆಮೇಲೆ ಮೊಬೈಲು. ಕಲಿತವನ ಬೆನ್ನಿಗೆ ಬ್ಯಾಂಕು ಸಾಲಕ್ಕೆ ನಿಲ್ಲುವುದೇ ಇದರ ಗುಟ್ಟು. 2009ರ ಹೊತ್ತಿಗೆ ಕೇಂದ್ರ ಸರಕಾರ ಇದೇ ಮಾದರಿಯನ್ನು ದೇಶದ ಎಲ್ಲ ಜಿಲ್ಲೆಗಳಿಗೆ ಒಯ್ಯಲು ಹೊರಟಿತು. ಅದೇ ತಾಲೂಕಿನ ಘಟ್ಟದ ಬುಡಕ್ಕೆ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರು ರಬ್ಬರು ತಂದರು. 1999ರಲ್ಲಿ ಬೆಳ್ತಂಗಡಿಗೇ ಒಂದು ಸಿರೋ ಮಲಬಾರ್ ಧರ್ಮಪ್ರಾಂತ ಆಗುವಷ್ಟು ಅವರ ನೆಲೆ ಗಟ್ಟಿಯಾಯಿತು. ಬೆಳಗಿನ ಜಾವ ಟ್ಯಾಪಿಂಗ್ ಮಾಡುವ ಕೆಲಸ ಈಗ ಎಲ್ಲ ಜಾತಿಯವರದೂ. ರಬ್ಬರು ಹಾಳೆ ಕೊಳ್ಳುವ ಬೆಳೆಗಾರರ ಸಹಕಾರ ಸಂಘ ಉಜಿರೆಯಲ್ಲಿದೆ.

ಮತ್ತೆ ಜಗಲಿಗೆ ಬರೋಣ. ಬೀಡಿಗೆ ಈಗ ಕಾಲ ಕೆಟ್ಟಿದೆ. ಪೊಟ್ಟಣದ ಶೇ. 85ರಷ್ಟು ಜಾಗದಲ್ಲಿ ಎಚ್ಚರಿಕೆಯ ಚಿತ್ರ ಹಾಕಬೇಕೆಂಬ ನಿಯಮ 2016ರ ಏಪ್ರಿಲಿನಲ್ಲಿ ಬಂದಾಗ ಕಂಪನಿಗಳು ಪ್ರತಿಭಟನೆಯೆಂದು ಉತ್ಪಾದನೆ ನಿಲ್ಲಿಸಿದವು; ಪೆಟ್ಟು ಬಿದ್ದದ್ದು ಎಲೆ ಸಿಗದ ಹೆಂಗಸರಿಗೆ. ಅದೇ ವರ್ಷ ನವೆಂಬರಿನಲ್ಲಿ ನೋಟು ರದ್ದಾಗಿ ವಾರದ ಕೂಲಿ ಸಿಕ್ಕಿಹಾಕಿಕೊಂಡಿತು. 2017ರಲ್ಲಿ ಜಿಎಸ್‌ಟಿ ಶೇ. 28 ಆಯಿತು, ಜೊತೆಗೆ ಕಲ್ಯಾಣ ನಿಧಿಗೆ ಹಣ ತರುತ್ತಿದ್ದ ಸೆಸ್ಸು ರದ್ದಾಯಿತು. ತೆರಿಗೆಯನ್ನು ಶೇ. 18ಕ್ಕೆ ಇಳಿಸುವ ತೀರ್ಮಾನ ಬಂದದ್ದು 2025ರ ಸೆಪ್ಟೆಂಬರಿನಲ್ಲಿ. ಮೂರು ತಿಂಗಳೊಳಗೇ, ನವೆಂಬರ್ 21ರಂದು, ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1966ರ ಬೀಡಿ ಕಾಯ್ದೆ ಅವುಗಳೊಳಗೆ ಕರಗಿತು. ತುಟ್ಟಿಭತ್ಯೆಗಾಗಿ ಮಂಗಳೂರಿನಲ್ಲಿ ಮತ್ತೆ ಮತ್ತೆ ಮೆರವಣಿಗೆ ಮಾಡಿದ ಯೂನಿಯನ್ನುಗಳಿಗೆ ಈ ಕರಗುವಿಕೆಯ ಮೇಲೆ ನಂಬಿಕೆಯಿಲ್ಲ. ಬೀಡಿ ಸೇದುವವರ ಆರೋಗ್ಯ ಹಾಳಾಗುವುದನ್ನು ಯಾರೂ ಅಲ್ಲಗಳೆಯಲಾರರು. ಕಟ್ಟುವವರ ಬೆನ್ನು, ಶ್ವಾಸಕೋಶವೂ ಹಾಳಾಗುತ್ತವೆ. ಉದ್ಯಮ ಉಳಿಯಬೇಕೆನ್ನುವುದು ಕಷ್ಟ. ಬದಲಿ ಕೆಲಸ ಕೊಡದೆ ಮುಗಿಯಲಿ ಎನ್ನುವುದು ಇನ್ನೂ ಕಷ್ಟ.

ಇತ್ತ ಕೊಲ್ಲಿಯ ಬಾಗಿಲೂ ಮೊದಲಿನಷ್ಟು ತೆರೆದಿಲ್ಲ. 2011ರಿಂದ ಸೌದಿ ತನ್ನವರಿಗೇ ಕೆಲಸ ಕೊಡಿರೆಂದು ಕಂಪನಿಗಳ ಮೇಲೆ ನಿತಾಕತ್ ನಿಯಮ ಹೇರಿತು. 2017ರ ಜುಲೈಯಿಂದ ಜೊತೆಗಿರುವ ಹೆಂಡತಿ ಮಕ್ಕಳಿಗೆ ತಲೆಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಹಾಕಿ, ವರ್ಷ ವರ್ಷ ಏರಿಸುತ್ತ 2020ಕ್ಕೆ 400 ರಿಯಾಲಿಗೆ ಒಯ್ದಿತು. ಹೆಂಡತಿ, ಮೂರು ಮಕ್ಕಳಿದ್ದವನಿಗೆ ತಿಂಗಳಿಗೆ 1600 ರಿಯಾಲ್. ಎಷ್ಟೋ ಸಂಸಾರಗಳು ಗಂಟುಮೂಟೆ ಕಟ್ಟಿ ಊರಿಗೆ ಮರಳಿದವು.

ಬದಲಾವಣೆ ಹೆಚ್ಚು ಎದ್ದು ಕಾಣುವುದು ಹುಡುಗಿಯರಲ್ಲಿ. ಅಜ್ಜಿ ಬೀಡಿ ಕಟ್ಟಿದ, ಅಪ್ಪ ಜುಬೈಲಿನಲ್ಲಿ ದುಡಿದ ಮನೆಯ ಮಗಳು ಇಂದು ಬಿ.ಕಾಂ. ಓದುತ್ತಾಳೆ, ಬಿ.ಎಡ್. ಮಾಡುತ್ತಾಳೆ, ಫಾರ್ಮಸಿ ಕಲಿಯುತ್ತಾಳೆ. ಅವಳಿಗೆ ಎಲೆ ಕತ್ತರಿಸಲು ಬರುವುದಿಲ್ಲ, ಬರಬೇಕೆಂದು ಅಮ್ಮನೂ ಬಯಸುವುದಿಲ್ಲ. ಆದರೆ ಪದವಿ ಮುಗಿದ ಮೇಲೆ ಬಿ.ಸಿ. ರೋಡು, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಅವಳಿಗೆ ಸಿಗುವುದು ಹೆಚ್ಚೆಂದರೆ ಖಾಸಗಿ ಶಾಲೆಯ ಟೀಚರು ಕೆಲಸ, ಬಟ್ಟೆಯಂಗಡಿಯ ಕೌಂಟರು, ಕ್ಲಿನಿಕ್ಕಿನ ಸ್ವಾಗತದ ಮೇಜು. ಇಲ್ಲಿನ ಎಷ್ಟೋ ಸಣ್ಣ ನೌಕರಿಗಳ ಸಂಬಳ ಅಮ್ಮನ ಬೀಡಿ ಕೂಲಿಗಿಂತ ಮಹಾ ಹೆಚ್ಚಿರುವುದಿಲ್ಲ; ಪಿ.ಎಫ್. ಎಂಬುದು ಅಮ್ಮನಿಗಿತ್ತು, ಇವಳಿಗೆ ಇರುತ್ತದೆಂಬ ಖಾತರಿಯಿಲ್ಲ.

1986ರಲ್ಲಿ ಹುಟ್ಟಿದ ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದಲ್ಲಿ ಓದಿಗೆ ಅರಿವು, ಸ್ವಂತ ಕಸುಬಿಗೆ ಶ್ರಮಶಕ್ತಿಯಂಥ ಸಾಲಗಳಿವೆ. ಒಬ್ಬೊಬ್ಬರಿಗೆ ಸಣ್ಣ ಸಾಲ, ಒಬ್ಬೊಬ್ಬರಿಗೆ ಒಂದೊಂದು ಆಟೋ, ಹೊಲಿಗೆ ಯಂತ್ರ, ಗೂಡಂಗಡಿ. ಕೊಲ್ಲಿಯಿಂದ ಮರಳಿದ ಫಿಟ್ಟರುಗಳನ್ನೂ ಕಾಲೇಜು ಮುಗಿಸಿದ ಅವರ ಹೆಣ್ಣುಮಕ್ಕಳನ್ನೂ ಒಂದೇ ಸೂರಿನಡಿ ತರುವ ಘಟಕಕ್ಕೆ ಸಾಲ ಕೊಡುವ ಯೋಚನೆ ಯಾರ ಕಡತದಲ್ಲೂ ಕಾಣುವುದಿಲ್ಲ. ಉಜಿರೆಯಲ್ಲಿ ಕಲಿಸುವವರಿದ್ದಾರೆ, ತುಂಬೆಯಲ್ಲಿ ತರಬೇತಿ ಸಂಸ್ಥೆಯಿದೆ, ತೋಡಾರಿನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ, ಬನ್ನಡ್ಕದಲ್ಲಿ ಕಣ್ಣೆದುರಿಗೇ ಮಾದರಿಯಿದೆ. ಇವು ನಾಲ್ಕೂ ಒಂದು ಬಸ್ಸಿನ ದಾರಿಯಷ್ಟು ಹತ್ತಿರ. ಸದ್ಯಕ್ಕೆ ವೆಲ್ಡಿಂಗ್ ಸರ್ಟಿಫಿಕೇಟು ಹಿಡಿದ ಇಪ್ಪತ್ತರ ಹುಡುಗ ಪಾಸ್‌ಪೋರ್ಟು ಮಾಡಿಸಲು ಮಂಗಳೂರಿಗೆ ಹೊರಡುತ್ತಾನೆ, ಮುಂದಿನ ಶಟ್‌ಡೌನ್ ಯಾವಾಗ ಎಂದು ಜುಬೈಲಿನಲ್ಲಿರುವ ಮಾವನಿಗೆ ವಾಟ್ಸಾಪಿನಲ್ಲಿ ಕೇಳುತ್ತಾನೆ.